ಮೂರು ಅಂಗ, ಒಂದು ಚಾವಡಿ

ಮದ್ದೂರಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ರಂಜಿತ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಳು. ಬಿ.ಎ. ಎರಡನೇ ವರ್ಷದವರಿಗೆ ಪರದೇಶಗಳ ಸಂವಿಧಾನ ಹೇಳುವುದು ಅವಳ ಪಾಲಿಗೆ ಬಂದಿತ್ತು. ಬ್ರಿಟನ್ನಿನದ್ದನ್ನು ಹೇಗೋ ಮುಗಿಸಿ ಅಮೆರಿಕದ್ದಕ್ಕೆ ಬಂದರೆ ಅವಳ ದನಿಯೇ ಬೇರೆಯಾಗುತ್ತಿತ್ತು.

"ಅದನ್ನ ಬರೆಯೋಕೆ ಕೂತವರು ರಾಜನ ಕೈಲಿ ನೊಂದವರು ಕಣ್ರಪ್ಪ. ಅಧಿಕಾರ ಇರೋನು ಎಷ್ಟೇ ಒಳ್ಳೇವನಾಗಿರಲಿ, ಪೂರ್ತಿ ನಂಬಬೇಡಿ ಅಂತ ಮೊದಲೇ ತೀರ್ಮಾನಕ್ಕೆ ಬಂದಿದ್ರು. ಅದಕ್ಕೇ ಕಾನೂನು ಮಾಡೋರು ಒಬ್ಬರು, ನಡೆಸೋರು ಒಬ್ಬರು, ತಪ್ಪು ಸರಿ ಹೇಳೋರು ಇನ್ನೊಬ್ಬರು. ಅಲ್ಲಿ ಕಾಂಗ್ರೆಸ್ಸು ಅಂದ್ರೆ ಪಕ್ಷ ಅಲ್ಲ, ಅವರ ಪಾರ್ಲಿಮೆಂಟು. ಅದು ಮಾಡಿದ್ದನ್ನ ಅಧ್ಯಕ್ಷ ತಡೀಬಹುದು. ಅವನು ತಡೆದದ್ದನ್ನ ಎರಡೂ ಸದನದಲ್ಲಿ ಮೂರರಲ್ಲೆರಡು ಪಾಲು ಜನ ಸೇರಿ ಮೀರಬಹುದು. ಇಬ್ಬರೂ ಸೇರಿ ತಪ್ಪು ಮಾಡಿದ್ರೆ ಕೋರ್ಟು ಹೊಡೆದು ಹಾಕಬಹುದು. ಒಬ್ಬರ ಕೈಯನ್ನ ಇನ್ನೊಬ್ಬರು ಹಿಡ್ಕೊಂಡಿರ್ತಾರೆ."

ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ ಅದು.

ಅವಳಿಗೆ ಆಗ ಮೂವತ್ತಾರು. ಹದಿಮೂರು ವರ್ಷದ ಹಿಂದೆ ಅವಳ ಗಂಡ ಗೆಜ್ಜಲಗೆರೆ ಹತ್ತಿರ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಗಂಡನ ಕಡೆಯವರು ಹನ್ನೊಂದನೇ ದಿನ ಕಳೆಯುತ್ತಲೇ ಅವಳನ್ನು ಮೈದುನನಿಗೆ ಕೊಟ್ಟು ಕಟ್ಟಬೇಕೆಂದು ಹಟ ಹಿಡಿದರು. ಜಮೀನು ಹಂಚಿಹೋಗಬಾರದು ಎನ್ನುವುದು ಅವರ ಲೆಕ್ಕ. ರಂಜಿತಳ ಊರು ಆತಗೂರಿನಿಂದ ಒಳಕ್ಕೆ, ಕಬ್ಬು ತೆಂಗಿನ ನಡುವೆ. ಊರಿನ ಚಾವಡಿಯಲ್ಲಿ ಎರಡೂ ಕಡೆಯವರು ಸೇರಿದರು. ಅವಳ ಅಪ್ಪ ಕರಿಯಪ್ಪ ಆ ಊರಿನ ಯಜಮಾನ. ಅವನಪ್ಪನೂ ಯಜಮಾನನಾಗಿದ್ದವನು. ಎಲ್ಲರ ಮಾತನ್ನೂ ಕೇಳಿ ಕರಿಯಪ್ಪ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, "ನನ್ ಮಗಳು ಓದ್ತಾಳೆ. ಆಯ್ತು, ಎದ್ದೇಳಿ," ಎಂದ. ಅಷ್ಟೇ. ಅದರ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಅವನೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂ.ಎ.ಗೆ ಸೇರಿಸಿದ. ಮನೆಯ ಓಮ್ನಿ ವ್ಯಾನನ್ನು ಕೆರೆ ಅಂಗಳದಲ್ಲಿ ಸುತ್ತಿಸಿ ಸುತ್ತಿಸಿ ಅವಳಿಗೆ ಓಡಿಸುವುದನ್ನೂ ಕಲಿಸಿದ. ವಿಧವೆ ಮಗಳು ವ್ಯಾನು ಓಡಿಸುತ್ತಾಳೆ ಎಂದು ಆಡಿಕೊಂಡವರು ಅವನ ಕಿವಿಗೆ ಬೀಳದಂತೆ ಆಡಿಕೊಂಡರು.

ರಂಜಿತ ಅಪ್ಪನನ್ನು ಪ್ರೀತಿಸುತ್ತಿದ್ದಳು. ಮುಂದಿನದೆಲ್ಲ ಕಷ್ಟವಾದದ್ದು ಅದರಿಂದಲೇ.

ಅವಳ ತರಗತಿಯಲ್ಲಿ ದೀಪಿಕ ಎಂಬ ಹುಡುಗಿಯಿದ್ದಳು, ಅದೇ ಊರಿನವಳು, ಅವರ ಕುಲದವಳೇ. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಬರುತ್ತಿದ್ದರು. ಊರಲ್ಲಿ ರಂಜಿತಕ್ಕ, ಕಾಲೇಜಿನ ಗೇಟು ದಾಟಿದರೆ ಮಿಸ್. ದೀಪಿಕಳ ಅಪ್ಪ ಪುಟ್ಟರಾಜು ಎರಡು ಹಸು, ತುಂಡು ಗದ್ದೆ ಇಟ್ಟುಕೊಂಡು ಬದುಕುತ್ತಿದ್ದ ಮೆತ್ತನೆಯ ಮನುಷ್ಯ. ಅಣ್ಣ ಯತೀಶ್ ಮಂಡ್ಯದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಆ ವರ್ಷ ಶ್ರಾವಣದಲ್ಲಿ ಯತೀಶ್ ಮಂಜುಶ್ರೀ ಎಂಬ ನರ್ಸನ್ನು ರಿಜಿಸ್ಟರ್ ಮದುವೆಯಾದ. ಹುಡುಗಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯವಳು, ದಲಿತರ ಮನೆಯ ಮಗಳು. ಅವರ ಮನೆಯಲ್ಲಿ ಎರಡು ತಲೆಮಾರಿನಿಂದ ಬುದ್ಧನಿಗೆ ಕೈ ಮುಗಿಯುತ್ತಿದ್ದರು. ಸುದ್ದಿ ಊರು ಮುಟ್ಟಿದ ಮೂರನೆಯ ದಿನ ಚಾವಡಿ ಸೇರಿತು. ಕರಿಯಪ್ಪನೂ ಹಿರಿಯರೂ ಪುಟ್ಟರಾಜುವನ್ನು ಕೆಳಗೆ ನಿಲ್ಲಿಸಿ, ಆ ಮಗ ಸತ್ತನೆಂದು ತಿಳಿದು ತಿಥಿ ಮಾಡಿ ಊರಿಗೆ ಊಟ ಹಾಕು, ಇಲ್ಲದಿದ್ದರೆ ನಿನ್ನ ಮನೆ ಊರಿಗೆ ಸೇರಿದ್ದಲ್ಲ ಎಂದರು.

ಎಂದೂ ಎದುರು ಮಾತಾಡದ ಪುಟ್ಟರಾಜು ಅಂದು ಆಡಿದ. "ಬದುಕಿರೋ ಮಗುಂಗೆ ಎಡೆ ಇಕ್ಕು ಅಂತೀರಲ್ಲ, ನಿಮ್ಗೂ ಮಕ್ಕಳವ್ರೆ. ನನ್ ಕೈಲಾಗಲ್ಲ."

ಆವತ್ತಿನಿಂದ ಡೈರಿಯಲ್ಲಿ ಆ ಮನೆಯ ಹಾಲನ್ನು ಯಾರೂ ಅಳೆಯಲಿಲ್ಲ. ಗಿರಣಿಯಲ್ಲಿ ಅವರ ರಾಗಿ ಬೀಸಲಿಲ್ಲ. ಅಂಗಡಿಯವನು ಅವರ ಮುಖ ನೋಡದೆ ಒಳಗೆ ಹೋಗುತ್ತಿದ್ದ. ಮಾತಾಡಿಸಿದವರಿಗೆ ದಂಡ. ಇದಕ್ಕೆ ಬರವಣಿಗೆ ಇರಲಿಲ್ಲ, ಸಾರಿದವರೂ ಇರಲಿಲ್ಲ. ಒಬ್ಬರಿಂದ ಒಬ್ಬರಿಗೆ ತಿಳಿಯಿತು, ಎಲ್ಲರೂ ಪಾಲಿಸಿದರು.

ರಂಜಿತಳೂ ಪಾಲಿಸಿದಳು. ಬಸ್ಸಿನಲ್ಲಿ ದೀಪಿಕ ಹಿಂದಿನ ಸೀಟಿಗೆ ಹೋಗಿ ಕೂರತೊಡಗಿದಳು, ಇವಳು ಮುಂದೆ. ಇವಳಿಗೆ ತೊಂದರೆ ಕೊಡಬಾರದೆಂದು ಆ ಹುಡುಗಿಯೇ ಮೊದಲು ದೂರವಾದದ್ದು. ಅದು ಗೊತ್ತಾಗಿಯೂ ರಂಜಿತ ಹಿಂದಕ್ಕೆ ತಿರುಗಲಿಲ್ಲ. ಕಾಲೇಜಿನೊಳಗೆ ಮಾತಾಡಿಸುತ್ತೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ದಿನ ಪಾಠ ಹದಿನಾಲ್ಕನೇ ತಿದ್ದುಪಡಿಗೆ ಬಂದಿತ್ತು. ಅಮೆರಿಕದಲ್ಲಿ ಅಧಿಕಾರವನ್ನು ಒಕ್ಕೂಟಕ್ಕೂ ರಾಜ್ಯಗಳಿಗೂ ಹಂಚಿದ್ದಾರೆ, ಪ್ರತಿ ರಾಜ್ಯಕ್ಕೂ ಅದರದೇ ಸಂವಿಧಾನ, ಅದರದೇ ಕೋರ್ಟು ಇದೆ ಎಂದು ವಿವರಿಸಿ ರಂಜಿತ ಮುಂದುವರಿದಳು. "ಮೊದಮೊದಲು ಹಕ್ಕುಗಳ ಪಟ್ಟಿ ಬರೆದರಲ್ಲ, ಅದು ಕಟ್ಟಿಹಾಕಿದ್ದು ಒಕ್ಕೂಟ ಸರ್ಕಾರವನ್ನ ಮಾತ್ರ. ರಾಜ್ಯವೇ ತನ್ನ ಜನರನ್ನ ತುಳಿದರೆ ಅದು ಅಡ್ಡ ಬರ್ತಿರಲಿಲ್ಲ. ಗುಲಾಮಗಿರಿ ಹಾಗೇ ನಡೀತು. ದೊಡ್ಡ ಅಂತರ್ಯುದ್ಧ ಆಗಿ, ಲಕ್ಷಾಂತರ ಜನ ಸತ್ತ ಮೇಲೆ ಈ ತಿದ್ದುಪಡಿ ಬಂತು. ಸರಿಯಾದ ವಿಚಾರಣೆ ಇಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿ ಕಸೀಬಾರದು. ಕಾನೂನಿನ ರಕ್ಷಣೆ ಎಲ್ಲರಿಗೂ ಸಮ."

ದೀಪಿಕ ಎದ್ದು ನಿಂತಳು. "ಮಿಸ್, ಸರ್ಕಾರ ಅಲ್ದೋರು ಕಸ್ಕೊಂಡ್ರೆ?"

ರಂಜಿತ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಪುಸ್ತಕದಲ್ಲಿ ಉತ್ತರವಿತ್ತು. ಅದನ್ನೇ ಹೇಳಿದಳು. "ಆ ತಿದ್ದುಪಡಿ ಹೇಳೋದು ರಾಜ್ಯಕ್ಕೆ. ಖಾಸಗಿ ಜನ ಮಾಡಿದ್ದು ನೇರವಾಗಿ ಅದರೊಳಗೆ ಬರಲ್ಲ. ನಮ್ಮ ಸಂವಿಧಾನ ಆ ವಿಷಯದಲ್ಲಿ ಮುಂದಿದೆ, ಅಸ್ಪೃಶ್ಯತೆ ಯಾರು ಮಾಡಿದರೂ ಅಪರಾಧ."

"ಅಪರಾಧ ಅಂತ ಯಾರಾದ್ರೂ ಬಾಯಿ ಬುಡ್ಬೇಕಲ್ವಾ ಮಿಸ್," ಎಂದು ದೀಪಿಕ ಕೂತುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಆ ಸಂಜೆ ರಂಜಿತ ಅಪ್ಪನ ಮುಂದೆ ಮಾತು ತೆಗೆದಳು. ಅವನು ಜಗಲಿಯ ಮೇಲೆ ಕೂತು ತೆಂಗಿನಗರಿಯ ಕಡ್ಡಿ ಸೀಳುತ್ತಿದ್ದ. ಅವಳವ್ವ ದೇವಿರಮ್ಮ ಒಳಗೆ ಸೊಪ್ಪು ಬಿಡಿಸುತ್ತಿದ್ದಳು.

"ಅಪ್ಪ, ಪುಟ್ಟರಾಜಣ್ಣನ ಮನೇದು ಬುಟ್ಬುಡು. ಹುಡುಗ ಮದ್ವೆ ಆಗಿರದು ಕಾನೂನು ಪ್ರಕಾರ."

"ಕಾನೂನು ಮದ್ದೂರಲ್ಲಿ ಐತೆ. ಊರಲ್ಲಿ ಊರಿನ್ ಮಾತು ಐತೆ."

"ಆ ಮಾತು ಮಾಡ್ದೋನೂ ನೀನೆ, ತಪ್ಪು ಅಂತ ಏಳ್ದೋನೂ ನೀನೆ, ದಂಡ ಆಕ್ದೋನೂ ನೀನೆ. ನಿನ್ನ ಕೇಳೋರು ಯಾರಪ್ಪ?"

ಕರಿಯಪ್ಪ ಕಡ್ಡಿ ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ನಿನ್ ಗಂಡ ಸತ್ತಾಗ ನಿನ್ನ ಆ ಹಡಬೇನಾಡಿ ಮೈದುನಂಗೆ ಕಟ್ಟಕೆ ಎಲ್ಲಾ ಸೇರಿದ್ರಲ್ಲ ಮಗ, ಆವತ್ತು ನನ್ನ ಯಾರ್ ಕೇಳುದ್ರು? ಕೇಳಂಗಿದ್ದಿದ್ರೆ ನೀನ್ ಇವತ್ತು ಅವ್ನ ಮನೇಲಿ ಮುಸ್ರೆ ತಿಕ್ತಿದ್ದೆ. ಆವತ್ತು ಬೇಕಾಗಿತ್ತು ಈ ಬಾಯಿ, ಇವತ್ತು ಬ್ಯಾಡ್ವಾ?"

ಅವನು ಹೇಳಿದ್ದು ನಿಜ. ತನ್ನನ್ನು ಕಾಪಾಡಿದ ಕೈ, ಈಗ ಆ ಮನೆಯ ಕುತ್ತಿಗೆ ಹಿಸುಕುತ್ತಿರುವ ಕೈ, ಎರಡೂ ಒಂದೇ. ಒಳಗಿನಿಂದ ದೇವಿರಮ್ಮ, "ಊಟಕ್ ಏಳಿ ಸುಮ್ನೆ," ಎಂದಳು.

ಕಾರ್ತಿಕದ ಒಂದು ಭಾನುವಾರ, ಮಧ್ಯಾಹ್ನದ ಹೊತ್ತು, ದೀಪಿಕ ಓಡಿ ಬಂದು ಯಜಮಾನರ ಮನೆಯ ಬಾಗಿಲಲ್ಲಿ ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಅಕ್ಕ, ಅಪ್ಪ ಕೊಟ್ಟಿಗೇಲಿ ಬಿದ್ಬುಟ್ರು. ಬಾಯಿ ಸೊಟ್ಟಗಾಗೈತೆ. ಆಟೋದವ್ನು ಬರಾಕಿಲ್ಲ ಅಂತಾನೆ. ಆಂಬುಲೆನ್ಸು ಬೇರೆ ಕಡೆ ಓಗೈತೆ, ಒತ್ತಾಯ್ತದೆ ಅಂದ್ರು."

ಕರಿಯಪ್ಪ ಮಂಡ್ಯಕ್ಕೆ ಮದುವೆಗೆ ಹೋಗಿದ್ದ. ವ್ಯಾನಿನ ಬೀಗದಕೈ ಗೂಟದಲ್ಲಿ ತೂಗುತ್ತಿತ್ತು. ದೇವಿರಮ್ಮ ಮಗಳ ಮುಖ ನೋಡಿ, "ಬ್ಯಾಡ ಕಣವ್ವ," ಎಂದಳು, ಆದರೆ ಅಡ್ಡ ಬರಲಿಲ್ಲ. ರಂಜಿತ ಬೀಗದಕೈ ತೆಗೆದುಕೊಂಡಳು.

ಪುಟ್ಟರಾಜುವನ್ನು ಅವನ ಹೆಂಡತಿ, ದೀಪಿಕ, ರಂಜಿತ ಹೆಂಗಸರು ಮೂವರೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಬೇಕಾಯಿತು. ಆಚೆ ಈಚೆ ಮನೆಗಳ ಗಂಡಸರು ಜಗಲಿಯಿಂದ ಎದ್ದು ಒಳಗೆ ಹೋದರು. ಅವರಲ್ಲಿ ಕೆಲವರು ಅಳುತ್ತಿದ್ದರೆಂದು ಆಮೇಲೆ ತಿಳಿಯಿತು, ಆದರೆ ಯಾರೂ ಹೊರಗೆ ಬರಲಿಲ್ಲ. ರಂಜಿತ ಚಾವಡಿಯ ಮುಂದೆಯೇ ವ್ಯಾನು ಓಡಿಸಿಕೊಂಡು ಹೋದಳು. ಬೇರೆ ದಾರಿ ಇರಲೂ ಇಲ್ಲ. ಮದ್ದೂರಿನಲ್ಲಿ ನೋಡಿ ಮಂಡ್ಯಕ್ಕೆ ಕಳಿಸಿದರು. ಪ್ರಾಣ ಉಳಿಯಿತು. ಬಲಗೈ, ಬಲಗಾಲು ಹೋಯಿತು, ಮಾತು ಪೂರ್ತಿ ನಿಂತಿತು. ಇನ್ನೊಂದಿಷ್ಟು ಬೇಗ ತಂದಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟು ಚೀಟಿ ಬರೆಯತೊಡಗಿದರು.

ಮಾರನೆಯ ಸಂಜೆ ಚಾವಡಿಗೆ ರಂಜಿತಳಿಗೆ ಕರೆ ಬಂತು. ಚಾವಡಿಯ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು, ನಡುವೆ ಅಪ್ಪ. ಅವಳು ಕೆಳಗೆ. ಊರು ಸುತ್ತ ನಿಂತಿತ್ತು. ಹಿರಿಯರಲ್ಲಿ ಒಬ್ಬನಾದ ಮುದ್ದಯ್ಯ ಗಂಟಲು ಸರಿಮಾಡಿಕೊಂಡು, "ಜೀವ ಓಗೋ ಒತ್ತು, ಎಣ್ಮಗ ಏನೋ ಮಾಡೈತೆ. ಯಜಮಾನ್ರ ಮಗಳು. ಇನ್ಮೇಲಿಂದ ಇಲ್ಲ ಅಂತ ಒಂದ್ ಮಾತು ಅಂದ್ಬುಟ್ರೆ ಮುಗಿಸವ ಕಣ್ ಕರಿಯಪ್ಪಣ್ಣ," ಎಂದ.

ಸುತ್ತಲಿನವರಿಗೂ ಅದೇ ಬೇಕಾಗಿತ್ತು. ರಂಜಿತ ಅಪ್ಪನ ಕಡೆ ನೋಡಿ ಹೇಳಿದಳು, "ಅಪ್ಪ, ನನ್ನ ವಿಷಯ ನೀನು ತೀರ್ಮಾನ ಮಾಡ್ಬೇಡ. ನೀನು ನನ್ನ ಹೆತ್ತೋನು. ಎದ್ದು ಈ ಕಡೆ ಬಂದು ಕೂತ್ಕೊ. ಬೇರೆಯೋರು ಹೇಳ್ಲಿ."

ಕರಿಯಪ್ಪ ಕೂತಲ್ಲಿಂದ ಏಳಲಿಲ್ಲ. "ಮುದ್ದಯ್ಯ ಬುಡ್ತಾನೆ, ನಂಗೊತ್ತು," ಎಂದ. "ಎಲ್ರೂ ಬುಡ್ತಾರೆ, ನೀನ್ ನನ್ ಮಗಳು ಅಂತ. ನಿನ್ನ ಬುಟ್ಟು ಪುಟ್ಟರಾಜನ್ನ ಇಡ್ಕಂಡ್ರೆ ನಾನ್ ಯಾವ್ ಮಕ ಒತ್ಕಂಡು ಇಲ್ಲಿ ಕುಂತ್ಕಳ್ಳಿ? ಎಲ್ರಿಗೂ ಒಂದೇ. ಮಾರಮ್ಮನ ಮುಂದೆ ತಪ್ಪಾಯ್ತು ಅಂತ ಅಡ್ಡಬಿದ್ದು ದಂಡ ಕಟ್ಟು. ಇಲ್ಲ ಅಂದ್ರೆ ನನ್ನ ಮನೆಗೂ ನಿಂಗೂ ಸಂಬಂಧಿಲ್ಲ."

ಕಾನೂನಿನ ಮುಂದೆ ಎಲ್ಲರೂ ಸಮ ಎಂದು ಅವಳು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಳು. ಅಪ್ಪ ಅದನ್ನು ಹೀಗೆ ನಡೆಸಿ ತೋರಿಸುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನ ದನಿ ಎಲ್ಲೂ ನಡುಗಲಿಲ್ಲ. ಮಂಡಿಯ ಮೇಲಿದ್ದ ಕೈ ಮಾತ್ರ ಪಂಚೆಯನ್ನು ಮುದುರಿ ಹಿಡಿದಿತ್ತು.

"ನಾನು ತಪ್ಪು ಮಾಡಿಲ್ಲ," ಎಂದಳು ರಂಜಿತ.

ಆ ಸಂಜೆಯೇ ಎರಡು ಬ್ಯಾಗು ತುಂಬಿಕೊಂಡು ಹೊರಟಳು. ದೇವಿರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು, ಮಾತಾಡಿದರೆ ಅವಳಿಗೂ ದಂಡ. ರಂಜಿತ ಮದ್ದೂರಿನಲ್ಲಿ ಶಿಂಷಾ ಹೊಳೆಯ ಕಡೆಗೆ ಒಂದು ಬಾಡಿಗೆ ಕೋಣೆ ಹಿಡಿದಳು.

ವಾರ ಕಳೆದ ಮೇಲೆ ಯತೀಶ್ ಮತ್ತು ಮಂಜುಶ್ರೀ ಅವಳನ್ನು ಹುಡುಕಿಕೊಂಡು ಬಂದರು. ಮೂವರೂ ಸೇರಿ ಪೊಲೀಸಿಗೆ ದೂರು ಕೊಟ್ಟರು. ಠಾಣೆಗೆ ಹೊರಡುವಾಗ ಮಂಜುಶ್ರೀ, "ನಿಮ್ಮಪ್ಪನ ಮೇಲೆ ಬರೆಸ್ತಿದೀರ. ನಿಮಗೆ ಏನೂ ಅನ್ಸಲ್ವಾ ಅಕ್ಕ?" ಎಂದು ಕೇಳಿದಳು.

"ಅನ್ಸುತ್ತೆ," ಎಂದಳು ರಂಜಿತ.

ದೂರು ತೆಗೆದುಕೊಂಡ ಅಧಿಕಾರಿ ಕೆಟ್ಟವನಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡ, ತಡಮಾಡದೆ ಊರಿಗೆ ಬಂದ, ಮನೆ ಮನೆ ಕೇಳಿದ. ಬಹಿಷ್ಕಾರವೇ? ಹಾಗಂದರೇನು ಸ್ವಾಮಿ ಎಂದರು ಜನ. ಗಿರಣಿಯವನು ಮಿಷನ್ನು ಕೆಟ್ಟಿತ್ತು ಎಂದ. ಆಟೋದವನು ಆವತ್ತು ತಾನು ಊರಲ್ಲೇ ಇರಲಿಲ್ಲ ಎಂದ. ಅಧಿಕಾರಿ ಕೊನೆಗೆ ಪುಟ್ಟರಾಜುವಿನ ಮನೆಗೆ ಬಂದು ಅವನ ಹೆಂಡತಿಯನ್ನು ಕೇಳಿದ. ಆಕೆ ಗಂಡನ ಬಾಯಿಂದ ಸೋರುತ್ತಿದ್ದ ಗಂಜಿಯನ್ನು ಒರೆಸುತ್ತ, ತಲೆ ಎತ್ತದೆ, "ಅಂಥಾದ್ದೇನೂ ಇಲ್ಲ ಸ್ವಾಮಿ. ಎಲ್ಲ ಚೆನ್ನಾಗವ್ರೆ," ಎಂದಳು.

ಅದರ ಹಿಂದಿನ ದಿನ ಹಿರಿಯರು ಆಕೆಯನ್ನು ಕಂಡು ಹೋಗಿದ್ದರು. ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು, ಅಳೆಯದೆ ಚೆಲ್ಲುತ್ತಿದ್ದ ಹಾಲು. ತಿಥಿ ಮಾಡಲು, ದೂರೇನೂ ಇಲ್ಲ ಎನ್ನಲು ಆಕೆ ಒಪ್ಪಿದಳು. ಊರಿನಿಂದ ಒಂದೂ ಸಾಕ್ಷಿಯಿಲ್ಲದ ದೂರು ಅಲ್ಲಿಗೆ ನಿಂತಿತು.

ಬದುಕಿದ್ದ ಯತೀಶನ ತಿಥಿ ಮಾರ್ಗಶಿರದಲ್ಲಿ ನಡೆಯಿತು. ಅವನ ಫೋಟೊಗೆ ಹೂವು ಹಾಕಿ, ಎಲೆಯ ಮೇಲೆ ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಟ್ಟರು. ಪುಟ್ಟರಾಜುವನ್ನು ಕುರ್ಚಿಯಲ್ಲಿ ಕೂರಿಸಿ ತಂದು ಅವನ ಎಡಗೈಯನ್ನು ಯಾರೋ ಹಿಡಿದು ನೀರು ಬಿಡಿಸಿದರು. ಬೇಡ ಎಂದು ಎದುರು ಮಾತಾಡಿದ್ದ ಆ ಬಾಯಿಂದ ಒಂದು ಬಗೆಯ ಸದ್ದು ಮಾತ್ರ ಬರುತ್ತಿತ್ತಂತೆ, ನಿಲ್ಲದೆ. ಊರೆಲ್ಲ ಕೂತು ಉಂಡಿತು. ಮರುದಿನದಿಂದ ಅವರ ಹಾಲನ್ನು ಅಳೆದರು.

ದೀಪಿಕ ಕಾಲೇಜಿಗೆ ಮತ್ತೆ ಬರಲಿಲ್ಲ. ಮಾಘದಲ್ಲಿ ಹಿರಿಯರೇ ನೋಡಿದ ಮಳವಳ್ಳಿ ಕಡೆಯ ಗಂಡಿಗೆ ಅವಳನ್ನು ಕೊಟ್ಟರು. ಒಮ್ಮೆ ಯಾರದೋ ಫೋನಿನಿಂದ ಕರೆ ಮಾಡಿ, "ಮಿಸ್, ಅವ್ವನ್ನ ಬೈಕಬೇಡಿ," ಎಂದಳು. ರಂಜಿತ, "ಪರೀಕ್ಷೆ ಹೊರಗಿನಿಂದ ಕಟ್ಟಬಹುದು ದೀಪಿಕ, ನಾನು..." ಎನ್ನುವಷ್ಟರಲ್ಲಿ ಆ ಕಡೆ ಯಾರೋ ಬಂದರು, ಕರೆ ಕಡಿಯಿತು.

ರಂಜಿತ ಪಾಠ ಬಿಡಲಿಲ್ಲ. ಬೇರೆ ಬದುಕು ಅವಳಿಗೆ ಗೊತ್ತೂ ಇರಲಿಲ್ಲ. ಮೂರು ಅಂಗ, ಒಕ್ಕೂಟ, ರಾಜ್ಯ, ತಿದ್ದುಪಡಿ, ಎಲ್ಲವನ್ನೂ ಮೊದಲಿನ ಹಾಗೆಯೇ ಹೇಳಿದಳು. ದನಿ ಮಾತ್ರ ಏರುತ್ತಿರಲಿಲ್ಲ. ಊರಿನ ಸುದ್ದಿ ಕಿವಿಗೆ ಬೀಳುತ್ತಿತ್ತು. ಹೆತ್ತ ಮಗಳನ್ನೂ ಬಿಡಲಿಲ್ಲ ನೋಡಿ, ಅಂಥ ನ್ಯಾಯ ಎಲ್ಲುಂಟು ಎಂದು ಅಕ್ಕಪಕ್ಕದ ಹಳ್ಳಿಗಳವರೂ ಈಗ ತಮ್ಮ ವ್ಯಾಜ್ಯಗಳನ್ನು ಕರಿಯಪ್ಪನ ಮುಂದೆ ತರತೊಡಗಿದ್ದರು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ತಾಲ್ಲೂಕು ಕಚೇರಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಳು. ಅಪ್ಪ ಎದುರಿನಿಂದ ಒಬ್ಬನೇ ಬರುತ್ತಿದ್ದ. ಸೊರಗಿದ್ದ. ಅವಳನ್ನು ಕಂಡು ಹೆಜ್ಜೆ ನಿಧಾನವಾಯಿತು. ಅವಳು, "ಅಪ್ಪ," ಎಂದಳು. ಅವನು ಮುಖ ನೋಡಲಿಲ್ಲ. ಪಕ್ಕದಲ್ಲಿ ಹಾಯುವಾಗ ನೆಲ ನೋಡಿಕೊಂಡು, "ಬಿಸ್ಲಲ್ಲಿ ನಿಂತ್ಕಬ್ಯಾಡ ಮಗ," ಎಂದು ಹೋಗಿಬಿಟ್ಟ. ಸುತ್ತ ಊರಿನವರು ಒಬ್ಬರೂ ಇರಲಿಲ್ಲ. ರಂಜಿತ ಆ ಒಂದು ಮಾತನ್ನು ಇಟ್ಟುಕೊಂಡು ನಾಲ್ಕಾರು ದಿನ ಬದುಕಿದಳು.

ಆಮೇಲೊಂದು ಸಂತೆಯ ದಿನ ದೇವಿರಮ್ಮ ಕದ್ದು ಅವಳ ಕೋಣೆಗೆ ಬಂದಳು. ರಾಗಿಹಿಟ್ಟು, ಹುರಿಗಾಳು ಇಟ್ಟು, ಚಾಪೆಯ ಮೇಲೆ ಕೂತು ಸುಮ್ಮನೆ ಅತ್ತಳು.

"ಅಪ್ಪ ಸಿಕ್ಕಿತ್ತು ಕಣವ್ವ, ಮಾತಾಡಿಸ್ತು," ಎಂದಳು ರಂಜಿತ.

"ಗೊತ್ತು," ಎಂದಳು ದೇವಿರಮ್ಮ. "ಆವತ್ತು ಮನೆಗೆ ಬಂದೋನು ನೀರೂ ಕುಡೀಲಿಲ್ಲ. ಸೀದಾ ಚಾವಡಿಗೋಗಿ, ನಾನು ಅವ್ಳ್ ಜೊತೆ ಮಾತಾಡ್ಬುಟ್ಟೆ ಅಂತ ತಾನೇ ಏಳಿ ದಂಡ ಕಟ್ಬುಟ್ಟು ಬಂದ. ಯಾರೂ ನೋಡಿರ್ನಿಲ್ಲ ಕಣಮ್ಮ. ಯಾರೂ ಕೇಳೂ ಇರ್ನಿಲ್ಲ."

ರಂಜಿತ ಎದ್ದು ಅವ್ವನಿಗೆ ಕಾಫಿಗೆ ನೀರಿಟ್ಟಳು. ನೀರು ಕುದಿದು ಉಕ್ಕಿ ಒಲೆಯ ಮೇಲೆ ಚೆಲ್ಲುವವರೆಗೂ ಅಲ್ಲೇ ನಿಂತಿದ್ದಳು.